ಬೇರು ಕೀಳದೆ ಕಟ್ಟಿದ ಕಟ್ಟೆ

ಕಾಲು ಮುರಿದವನ ಮನೆಗೆ ಬಂದವರೆಲ್ಲ ವೈದ್ಯರೇ. ಒಬ್ಬರು ಎಣ್ಣೆ ಹೇಳುತ್ತಾರೆ, ಇನ್ನೊಬ್ಬರು ಸೊಪ್ಪು ಹೇಳುತ್ತಾರೆ, ಮೂರನೆಯವರು ತಮ್ಮ ಷಡ್ಡಕನಿಗೂ ಹೀಗೇ ಆಗಿ ಕೊನೆಗೆ ಏನಾಯಿತೆಂಬುದನ್ನು ಸವಿಸ್ತಾರವಾಗಿ ಹೇಳಿ, ಚಾ ಕುಡಿದು ಎದ್ದು ಹೋಗುತ್ತಾರೆ. ಕೇಳಿದವರಿಗೆ ಆ ರಾತ್ರಿ ನಿದ್ದೆ ಬರುವುದಿಲ್ಲ. 2023ರ ನವೆಂಬರಿನಲ್ಲಿ ಅಘನಾಶಿನಿ ಹೊಳೆಯ ದಂಡೆಯ ಒಂದು ಮನೆಯಲ್ಲಿ ನಡೆದದ್ದೂ ಇಷ್ಟೇ.

ಹುಡುಗ ಕುಮಟಾದ ಕಾಲೇಜಿನಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದ. ವಿಜ್ಞಾನ ವಿಭಾಗ. ಅಪ್ಪನಿಗೆ ಒಂದಿಷ್ಟು ಗಜನಿ ಗದ್ದೆ, ಒಂದು ಸಣ್ಣ ದೋಣಿ. ಕಗ್ಗ ಭತ್ತದ ಕೊಯ್ಲು ಮುಗಿದು ಗಜನಿಗೆ ಉಪ್ಪುನೀರು ಬಿಟ್ಟಾಗಿತ್ತು. ಇನ್ನು ಮೀನು, ಸಿಗಡಿಯ ಕಾಲ. ಒಂದು ಭಾನುವಾರ ಬೆಳಿಗ್ಗೆ, ನೀರು ಇಳಿದ ಹೊತ್ತಿನಲ್ಲಿ, ದೋಣಿಯ ಹಗ್ಗ ಕಟ್ಟಲೆಂದು ಹುಡುಗ ದಂಡೆಯ ಮೆಟ್ಟಿಲಿಳಿದ. ಕಲ್ಲಿನ ಮೇಲೆ ಪಾಚಿ. ಜಾರಿದ ಪಾದ ಎರಡು ಕಲ್ಲುಗಳ ಸಂದಿಗೆ ಸಿಕ್ಕಿಕೊಂಡಿತು. ಮೈ ಮಾತ್ರ ಇನ್ನೊಂದು ಕಡೆಗೆ ತಿರುಗಿತು. ಒಣಕಟ್ಟಿಗೆ ಮುರಿದ ಹಾಗೆ ಒಂದು ಸದ್ದು. ಅಪ್ಪ ಓಡಿ ಬರುವಷ್ಟರಲ್ಲಿ ಪಾದ ಇರಬೇಕಾದ ದಿಕ್ಕಿನಲ್ಲಿ ಇರಲಿಲ್ಲ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಮೊಣಕಾಲಿನಿಂದ ಪಾದದ ಗಂಟಿನವರೆಗೆ ಎರಡು ಎಲುಬುಗಳು. ಒಳಬದಿಯದು ದಪ್ಪನೆಯದು, ಮೈಭಾರವನ್ನೆಲ್ಲ ಹೊರುವಂಥದು. ಅದಕ್ಕೆ ಟಿಬಿಯಾ ಎಂದು ಹೆಸರು. ಹೊರಬದಿಯದು ತೆಳ್ಳಗಿನ ಫಿಬುಲಾ. ಹುಡುಗನ ಟಿಬಿಯಾ ಪಾದದ ಗಂಟಿನಿಂದ ನಾಲ್ಕು ಬೆರಳು ಮೇಲೆ, ಬಟ್ಟೆ ಹಿಂಡಿದ ಹಾಗೆ ಸುರುಳಿಯಾಗಿ ಸೀಳಿತ್ತು. ಚರ್ಮ ಹರಿದಿರಲಿಲ್ಲ, ಕೀಲಿನೊಳಕ್ಕೆ ಬಿರುಕು ಇಳಿದಿರಲಿಲ್ಲ. ಅಷ್ಟರಮಟ್ಟಿಗೆ ದೇವರು ದೊಡ್ಡವನು ಎಂದುಕೊಂಡರು. ಕಾಲಿಗೆ ಅರ್ಧ ಪ್ಲಾಸ್ಟರಿನ ಆಸರೆ ಕೊಟ್ಟು, “ದೊಡ್ಡ ಆಸ್ಪತ್ರೆಯ ಎಲುಬಿನ ವೈದ್ಯರಿಗೆ ತೋರಿಸಿ, ಪ್ಲೇಟು ಹಾಕಬೇಕಾದೀತು” ಎಂದು ಚೀಟಿ ಬರೆದುಕೊಟ್ಟರು.

ಪ್ಲೇಟು ಎಂಬ ಮಾತು ಕೇಳಿದ್ದೇ ತಡ, ಮನೆಯಲ್ಲಿ ಗದ್ದಲ ಶುರುವಾಯಿತು. ತಾಯಿಗೆ ಕತ್ತಿಯ ಹೆದರಿಕೆ. ಅಪ್ಪನಿಗೆ ಖರ್ಚಿನ ಹೆದರಿಕೆ, ಅದರ ಹಿಂದೆಯೇ ಪರೀಕ್ಷೆಯ ಹೆದರಿಕೆ. ಅಜ್ಜನದು ಮಾತ್ರ ಹೆದರಿಕೆಯಲ್ಲ, ಖಚಿತ ಅಭಿಪ್ರಾಯ. ಇಪ್ಪತ್ತರ ಹರೆಯದಲ್ಲಿ ಅವರು ತೆಂಗಿನ ಮರದಿಂದ ಬಿದ್ದು ಇದೇ ಜಾಗದಲ್ಲಿ ಕಾಲು ಮುರಿದುಕೊಂಡವರು. ನಾಟಿ ವೈದ್ಯರೊಬ್ಬರು ಎಳೆದು ಕೂರಿಸಿ, ಸೊಪ್ಪಿನ ಲೇಪ ಹಚ್ಚಿ, ಬಿದಿರಿನ ದಬ್ಬೆ ಕಟ್ಟಿದ್ದರು. ಎಲುಬು ಕೂಡಿತು. ಪಾದ ಹೊರಗೆ ತಿರುಗಿಕೊಂಡೇ ಉಳಿಯಿತು. ಆ ಕಾಲಿನಲ್ಲೇ ಅವರು ಐವತ್ತು ವರ್ಷ ಗದ್ದೆ ಮಾಡಿದರು. “ಮುರಿದ ಎಲುಬನ್ನು ತೆರೆಯಬಾರದು ತಮಾ. ಗಾಳಿ ಹೊಕ್ಕರೆ ಅದು ಕೂಡೂದಿಲ್ಲ” ಎಂದು ಅವರು ಮೊಮ್ಮಗನಿಗೆ ಹೇಳಿದರು.

ಅಜ್ಜನ ಮಾತನ್ನು ನಕ್ಕು ತಳ್ಳಿಹಾಕುವಂತಿರಲಿಲ್ಲ. ಅದರಲ್ಲಿ ಅರ್ಧ ಸತ್ಯವಿತ್ತು. ವೈದ್ಯಲೋಕ ಆ ಅರ್ಧ ಸತ್ಯವನ್ನು ಒಪ್ಪಿಕೊಳ್ಳಲು ಸುಮಾರು ನೂರು ವರ್ಷ ತೆಗೆದುಕೊಂಡಿತು.

ಯಾರು ಬೇಕಾದರೂ ತಮ್ಮ ಕಾಲನ್ನೇ ಮುಟ್ಟಿ ನೋಡಿಕೊಳ್ಳಬಹುದು. ತೊಡೆಯಲ್ಲಿ ಎಲುಬು ಸಿಗುವುದಿಲ್ಲ, ಸುತ್ತ ದಪ್ಪ ಮಾಂಸಖಂಡ. ಮೀನಖಂಡದ ಹಿಂದೆಯೂ ಹಾಗೆಯೇ. ಆದರೆ ಕಾಲಿನ ಮುಂಭಾಗದಲ್ಲಿ, ಒಳಬದಿಯಲ್ಲಿ ಬೆರಳಾಡಿಸಿದರೆ ಚರ್ಮದ ಕೆಳಗೇ ಎಲುಬು. ಪಾದದ ಗಂಟಿನ ಹತ್ತಿರ ಬಂದಂತೆ ಹಿಂದಿನ ಮಾಂಸವೂ ಮುಗಿದು ಬರೀ ಸ್ನಾಯುರಜ್ಜುಗಳು ಉಳಿಯುತ್ತವೆ. ಎಲುಬು ಒಣಗಿದ ಕೋಲಲ್ಲ, ರಕ್ತ ಹರಿಯುವ ಜೀವಂತ ವಸ್ತು. ಟಿಬಿಯಾದ ಒಳಗೆ ರಕ್ತ ತರುವ ಮುಖ್ಯ ನಾಳ ಹೊಗುವುದು ಮೇಲಿನ ಭಾಗದಲ್ಲಿ, ಹಿಂಬದಿಯಿಂದ. ಕೆಳತುದಿಗೆ ಅದರ ಪಾಲು ಕಡಿಮೆ. ಅಲ್ಲಿ ಎಲುಬು ಮುರಿದರೆ ಒಳಗಿನ ಆ ದಾರಿಯೂ ಕಡಿದುಹೋಗುತ್ತದೆ. ಆಗ ಉಳಿಯುವ ಆಧಾರ ಎಲುಬಿನ ಮೈಗಂಟಿದ ತೆಳು ಪೊರೆ, ಅದಕ್ಕೆ ಸುತ್ತಲಿನಿಂದ ಬರುವ ಕೂದಲೆಳೆಯಂಥ ರಕ್ತನಾಳಗಳು. ಅವೂ ಹೋದರೆ ಎಲುಬು ಕೂಡುವುದು ತಡವಾಗುತ್ತದೆ. ಕೆಲವೊಮ್ಮೆ ಕೂಡುವುದೇ ಇಲ್ಲ.

ದೊಡ್ಡ ಆಸ್ಪತ್ರೆಗೆ ಹೋಗುವುದು ಕೂಡ ಉತ್ತರ ಕನ್ನಡದ ಕರಾವಳಿಯವರಿಗೆ ಸುಲಭದ ಮಾತಲ್ಲ. ಕುಮಟಾ, ಹೊನ್ನಾವರ, ಭಟ್ಕಳದವರು ತಲೆಮಾರುಗಳಿಂದ ದೊಡ್ಡ ಕಾಯಿಲೆಗೆ ಮಣಿಪಾಲವನ್ನೋ ಮಂಗಳೂರನ್ನೋ ನಂಬಿದವರು. ಘಟ್ಟ ಹತ್ತಿ ಹುಬ್ಬಳ್ಳಿಗೆ, ಗಡಿ ದಾಟಿ ಗೋವೆಗೆ ಹೋಗುವವರೂ ಇದ್ದಾರೆ. ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಶುರುವಾದದ್ದು 1953ರಲ್ಲಿ. ಕಾರವಾರಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2016ರಲ್ಲಿ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಉಡುಪಿಯ ಕಡೆಗೆ ಹೊರಟ ಆಂಬುಲೆನ್ಸ್ ಶಿರೂರಿನ ಟೋಲ್ ಗೇಟಿನ ಬಳಿ ಮಗುಚಿ ನಾಲ್ವರು ತೀರಿಕೊಂಡದ್ದನ್ನು ಈ ಭಾಗದ ಜನ ಮರೆತಿಲ್ಲ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಆಗ ಮನೆಮನೆಯಿಂದ ಎದ್ದಿತ್ತು. ಅದೇ ಹೆದ್ದಾರಿಯಲ್ಲಿ ಮಗನ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಹೋಗುವಾಗ, ಆ ಟೋಲ್ ಗೇಟು ದಾಟುವವರೆಗೆ ಅಪ್ಪ ಮಾತಾಡಲಿಲ್ಲ.

ಆಸ್ಪತ್ರೆ ಸೇರಿದ ಮೇಲೆ ಅಪ್ಪನಿಗೆ ಇನ್ನೊಂದು ಕಾವು. ಇವತ್ತು ಆಪರೇಷನ್, ನಾಳೆ ಆಪರೇಷನ್ ಎಂದು ಕಾಯುತ್ತ ಕುಳಿತರೆ ವೈದ್ಯರು ದಿನವೂ ಬಂದು ಕಾಲನ್ನು ನೋಡಿ, ಬೆರಳಿನಿಂದ ಮೆಲ್ಲಗೆ ಒತ್ತಿ, “ಇನ್ನೂ ಎರಡು ದಿನ ನೋಡುವಾ” ಎಂದು ಹೊರಟುಹೋಗುತ್ತಿದ್ದರು. ಕಾಲು ಬಾತು ಚರ್ಮ ಮಿಂಚುತ್ತಿತ್ತು. ಐದನೆಯ ದಿನ ಅಪ್ಪ ತಡೆಯಲಾರದೆ ಕೇಳಿಯೇಬಿಟ್ಟ:

“ಡಾಕ್ಟ್ರೇ, ಹುಡುಗನಿಗೆ ಪರೀಕ್ಷೆ ಹತ್ತಿರ ಬಂತು. ಎಂತಕ್ಕೆ ತಡ?”

“ಚರ್ಮದಲ್ಲಿ ಸುಕ್ಕು ಕಾಣಬೇಕು” ಎಂದರು ವೈದ್ಯರು. “ಬಾತ ಚರ್ಮವನ್ನು ಕೊಯ್ದರೆ ಮತ್ತೆ ಕೂಡುವುದಿಲ್ಲ. ಗಾಯ ಬಾಯಿಬಿಟ್ಟರೆ ಒಳಗಿನ ಪ್ಲೇಟು ಕಾಣುತ್ತದೆ. ಆಮೇಲೆ ಕೀವು. ಎಲುಬಿಗಿಂತ ಮೊದಲು ಚರ್ಮವನ್ನು ಉಳಿಸಬೇಕು ಮಾರಾಯರೇ.”

ಈ ತಾಳ್ಮೆ ಬಂದದ್ದು ಪೆಟ್ಟು ತಿಂದೇ. ಮುರಿದ ಎಲುಬಿಗೆ ಲೋಹದ ಪಟ್ಟಿ ಜೋಡಿಸಿದ ಮೊದಲಿಗರಲ್ಲಿ ಜರ್ಮನಿಯ ಹ್ಯಾಂಬರ್ಗಿನ ಕಾರ್ಲ್ ಹಾನ್ಸ್‌ಮನ್ ಒಬ್ಬ. 1886ರಲ್ಲಿ ಅವನು ಆ ಬಗ್ಗೆ ಪ್ರಕಟಿಸಿದಾಗ ಎಕ್ಸ್‌ರೇ ಇನ್ನೂ ಗೊತ್ತಿರಲಿಲ್ಲ. ರಾಂಟ್‌ಜೆನ್ ಅದನ್ನು ಕಂಡುಹಿಡಿದದ್ದು 1895ರಲ್ಲಿ. 1958ರಲ್ಲಿ ಸ್ವಿಟ್ಜರ್ಲೆಂಡಿನ ಬೀಲ್ ಎಂಬಲ್ಲಿ ಮಾರಿಸ್ ಮುಲ್ಲರ್ ಮತ್ತು ಸಂಗಡಿಗರು ಎಓ ಎಂಬ ತಂಡ ಕಟ್ಟಿಕೊಂಡು ಎಲುಬು ಜೋಡಣೆಗೆ ನಾಲ್ಕು ಸೂತ್ರ ಹಾಕಿದರು. ತುಂಡುಗಳನ್ನು ಮೊದಲಿದ್ದಂತೆ ಕೂರಿಸಬೇಕು, ಅಲುಗದಂತೆ ಬಿಗಿಯಬೇಕು, ರಕ್ತ ಸಂಚಾರ ಉಳಿಸಬೇಕು, ಕೀಲನ್ನು ಬೇಗ ಆಡಿಸಬೇಕು. ಮೊದಲಿನೆರಡು ಸೂತ್ರಗಳ ಉತ್ಸಾಹದಲ್ಲಿ ಮೂರನೆಯದು ಬಹಳ ಕಾಲ ಹಿಂದೆ ಬಿತ್ತು. ಎಲ್ಲ ಕಣ್ಣಿಗೆ ಕಾಣಲಿ ಎಂದು ಉದ್ದಕ್ಕೆ ಕೊಯ್ದು, ಪೊರೆ ಸರಿಸಿ, ಚೂರುಗಳನ್ನು ಒಂದೊಂದಾಗಿ ಜೋಡಿಸಿ ಮೊಳೆ ಹೊಡೆಯುತ್ತಿದ್ದರು. ಎಕ್ಸ್‌ರೇ ಚಿತ್ರ ನೋಡಲು ಬಲು ಚೆಂದ. ಆದರೆ ಕೆಳಗಾಲಿನಲ್ಲಿ ಎಷ್ಟೋ ಜನಕ್ಕೆ ಗಾಯ ಕೊಳೆಯುತ್ತಿತ್ತು, ಎಲುಬು ಕೂಡುತ್ತಿರಲಿಲ್ಲ.

ದಾರಿ ಬದಲಾದದ್ದು 1990ರ ದಶಕದಲ್ಲಿ. ಜರ್ಮನಿಯಲ್ಲಿ ಕ್ರೆಟೆಕ್ ಎಂಬ ವೈದ್ಯರ ತಂಡ ತೊಡೆಯೆಲುಬಿಗೆ, ಅಮೆರಿಕದಲ್ಲಿ ಡೇವಿಡ್ ಹೆಲ್ಫೆಟ್ ಎಂಬವರ ತಂಡ ಟಿಬಿಯಾದ ಕೆಳತುದಿಗೆ, ಸಣ್ಣ ಗಾಯದಿಂದಲೇ ಪ್ಲೇಟು ತೂರಿಸುವ ಕ್ರಮವನ್ನು 1997ರಲ್ಲಿ ವಿವರಿಸಿತು. ಮುರಿದ ಜಾಗವನ್ನು ತೆರೆಯುವುದೇ ಇಲ್ಲ. 2002ರಲ್ಲಿ ಬೊರೆಲ್ಲಿ ಮತ್ತು ಸಂಗಡಿಗರು ಮೃತದೇಹಗಳ ಕಾಲುಗಳಲ್ಲಿ ಎರಡೂ ಕ್ರಮಗಳನ್ನು ಮಾಡಿ ಹೋಲಿಸಿ ನೋಡಿದರು. ತೆರೆದು ಹಾಕಿದ ಕಡೆ ಎಲುಬಿನ ಹೊರಮೈಯ ರಕ್ತನಾಳಗಳಿಗೆ ಹೆಚ್ಚು ಹಾನಿಯಾಗಿತ್ತು. ತೂರಿಸಿದ ಕಡೆ ಅವು ಹೆಚ್ಚಾಗಿ ಉಳಿದಿದ್ದವು.

ಎಂಟನೆಯ ದಿನ ಬೆಳಿಗ್ಗೆ ಚರ್ಮದಲ್ಲಿ ಗೆರೆಗೆರೆಯಾಗಿ ಸುಕ್ಕು ಕಂಡಿತು. ಮರುದಿನ ಆಪರೇಷನ್. ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಸೊಂಟದ ಕೆಳಗೆ ಜೋಮು ಹಿಡಿಸಿದ್ದರಿಂದ ಹುಡುಗನಿಗೆ ಎಚ್ಚರವಿತ್ತು. ಅಡ್ಡ ಕಟ್ಟಿದ ಬಟ್ಟೆಯಾಚೆ ಏನು ನಡೆಯುತ್ತಿದೆಯೆಂದು ಕಾಣುತ್ತಿರಲಿಲ್ಲ. ಪಕ್ಕದ ಪರದೆಯ ಮೇಲೆ ಮಾತ್ರ ತನ್ನದೇ ಎಲುಬಿನ ಕಪ್ಪುಬಿಳುಪು ಚಿತ್ರ ಬಂದು ಹೋಗುತ್ತಿತ್ತು. ಕಾಲಿನ ಸುತ್ತ ಕಮಾನಿನಂತೆ ನಿಂತ ಎಕ್ಸ್‌ರೇ ಯಂತ್ರದ ಚಿತ್ರ ಅದು. ಸೀಸದ ಅಂಗಿ ತೊಟ್ಟವರ ಕಣ್ಣೆಲ್ಲ ಆ ಪರದೆಯ ಮೇಲೆ.

ಮೊದಲು ಕಾಲನ್ನು ಹಿಡಿದೆಳೆದು, ತಿರುಗಿದ್ದನ್ನು ತಿರುಗಿಸಿ, ಇನ್ನೊಂದು ಕಾಲಿನ ಜೊತೆ ಹೋಲಿಸಿ ನೇರ ಮಾಡಿದರು. ಪಾದದ ಗಂಟಿನ ಒಳಬದಿಯಲ್ಲಿ ಎರಡು ಬೆರಳಗಲದಷ್ಟು ಕೊಯ್ದರು. ಅಲ್ಲಿಯೇ ಚರ್ಮದ ಕೆಳಗೆ ಒಂದು ದೊಡ್ಡ ರಕ್ತನಾಳ, ಅದರ ಜೊತೆಗೆ ಒಂದು ನರ ಹಾದುಹೋಗುತ್ತವೆ. ಅವನ್ನು ಜೋಪಾನವಾಗಿ ಸರಿಸಿದರು. ಎಲುಬಿನ ಪೊರೆಯನ್ನು ಕೆರೆಯದೆ, ಅದರ ಮೇಲೆ, ಚರ್ಮದ ಕೆಳಗೆ ಒಂದು ಸುರಂಗದಂಥ ದಾರಿ ಮಾಡಿದರು. ಕಾಲಿನ ಆಕಾರಕ್ಕೆ ಬಾಗಿದ ಪ್ಲೇಟನ್ನು ಆ ದಾರಿಯಲ್ಲಿ ಮೇಲಕ್ಕೆ ಜಾರಿಸಿದರು. ಮುರಿದ ಜಾಗದ ಮೇಲೆ ಸೇತುವೆಯಂತೆ ಅದು ಹಾದುಹೋಯಿತು. ಆಮೇಲೆ ಮೇಲೊಂದಿಷ್ಟು, ಕೆಳಗೊಂದಿಷ್ಟು ಸಣ್ಣ ತೂತು ಮಾಡಿ ಸ್ಕ್ರೂ ಬಿಗಿದರು. ಈ ಸ್ಕ್ರೂಗಳ ತಲೆಗೂ ಮರೆ ಇರುತ್ತದೆ, ಅದು ಪ್ಲೇಟಿನ ತೂತಿನ ಮರೆಗೇ ಕಚ್ಚಿಕೊಳ್ಳುತ್ತದೆ. ಹಾಗಾಗಿ ಪ್ಲೇಟನ್ನು ಎಲುಬಿಗೆ ಅದುಮಬೇಕಾಗಿಲ್ಲ. ಪೊರೆಗೂ ಉಸಿರಾಡಲು ಜಾಗ ಸಿಗುತ್ತದೆ. ನಡುವಿನ ಸುರುಳಿ ಬಿರುಕನ್ನು ಯಾರೂ ಮುಟ್ಟಲೇ ಇಲ್ಲ.

ಸಂಜೆ ವೈದ್ಯರು ಎಕ್ಸ್‌ರೇ ಹಿಡಿದು ಅಪ್ಪನಿಗೆ ವಿವರಿಸಿದರು. ಪೊರೆ, ರಕ್ತನಾಳ, ಸೇತುವೆ ಎಂದೆಲ್ಲ ಹೇಳುವಾಗ ಅಪ್ಪ ತಲೆಯಾಡಿಸುತ್ತಿದ್ದರೂ ಮುಖದಲ್ಲಿ ಅರ್ಥವಾದ ಕಳೆ ಇರಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಆತ ಕೇಳಿದ: “ಅಂದ್ರೆ ಕಾಂಡ್ಲಾ ಕಡಿಯದೆ ಕಟ್ಟೆ ಕಟ್ಟಿದ ಹಾಗೆ?”

ವೈದ್ಯರಿಗೆ ಅರ್ಥವಾಗಲಿಲ್ಲ. ಈಗ ವಿವರಿಸುವ ಸರದಿ ಅಪ್ಪನದು. ಗಜನಿಯ ಮಣ್ಣಿನ ಕಟ್ಟೆ ಒಡೆದರೆ ಅನುಭವವಿಲ್ಲದವನು ಮೊದಲು ಮಾಡುವ ಕೆಲಸ, ಒಡೆದ ಜಾಗ ಚೆನ್ನಾಗಿ ಕಾಣಲೆಂದು ಸುತ್ತಲಿನ ಕಾಂಡ್ಲಾ ಗಿಡ ಕಡಿದು ಹಾಕುವುದು. ಕಟ್ಟೆಯ ಮಣ್ಣು ಹಿಡಿದು ನಿಂತದ್ದೇ ಆ ಬೇರುಗಳಿಂದ. ಅವು ಹೋದ ಮೇಲೆ ಎಷ್ಟು ಕಲ್ಲು ಸುರಿದರೂ ಮುಂದಿನ ದೊಡ್ಡ ಉಬ್ಬರಕ್ಕೆ ಕಟ್ಟೆ ಮತ್ತೆ ಹೋಗುತ್ತದೆ. ತಿಳಿದವನು ಬೇರಿನ ಸಂದಿಯಲ್ಲೇ ಕೈ ತೂರಿಸಿ ಕಲ್ಲು ಕೂರಿಸುತ್ತಾನೆ. ಕೆಲಸ ನಿಧಾನ, ಕೈಗೆ ಗಾಯ, ಒಳಗೇನಾಯಿತೆಂದು ಪೂರ್ತಿ ಕಾಣುವುದೂ ಇಲ್ಲ.

“ಅದೇ, ಅದೇ” ಎಂದು ವೈದ್ಯರು ನಕ್ಕರು. “ಪೂರ್ತಿ ಕಾಣುವುದಿಲ್ಲ ಎಂಬುದೇ ಇದರ ಕಷ್ಟವೂ ಹೌದು.”

ಅವರು ಹಾಗೆಂದದ್ದಕ್ಕೆ ಕಾರಣವಿತ್ತು. ಕಣ್ಣಿಗೆ ಕಾಣದೆ ಕೂರಿಸುವುದರಿಂದ ಎಲುಬು ಸ್ವಲ್ಪ ಸೊಟ್ಟಗೆ ನಿಲ್ಲುವ, ಪಾದ ತಿರುಗಿಕೊಂಡೇ ಉಳಿಯುವ ಅಪಾಯ ಇದ್ದೇ ಇದೆ. ತೆಳು ಚರ್ಮದ ಕೆಳಗೆ ಪ್ಲೇಟು ಕೈಗೆ ಸಿಗುತ್ತದೆ, ಬೂಟು ತಾಗಿದರೆ ನೋಯುತ್ತದೆ; ಎಲುಬು ಚೆನ್ನಾಗಿ ಕೂಡಿದ ಮೇಲೆ ಅದನ್ನು ತೆಗೆಸಿಕೊಳ್ಳುವವರೂ ಇದ್ದಾರೆ. ಕೀಲಿನ ಮೇಲ್ಮೈಯೇ ಚೂರಾಗಿದ್ದರೆ ತೆರೆದು ನೋಡಿ ಜೋಡಿಸದೆ ಗತಿಯಿಲ್ಲ. ಎಲುಬಿನ ಪೊಳ್ಳಿನೊಳಗೆ ಉದ್ದನೆಯ ಸರಳು ತೂರಿಸುವ ಇನ್ನೊಂದು ಕ್ರಮವೂ ಇದೆ. ಬ್ರಿಟನ್ನಿನಲ್ಲಿ 321 ಜನರ ಮೇಲೆ ಸರಳನ್ನೂ ಪ್ಲೇಟನ್ನೂ ಹೋಲಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಆರು ತಿಂಗಳ ಹೊತ್ತಿಗೆ ಎರಡು ಗುಂಪಿನವರ ಓಡಾಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಯಾವ ಕಾಲಿಗೆ ಯಾವುದು ಎಂಬುದನ್ನು ಮುರಿತದ ಜಾಗ, ಚರ್ಮದ ಸ್ಥಿತಿ ನೋಡಿ ವೈದ್ಯರೇ ನಿರ್ಧರಿಸಬೇಕು.

ಬಡತನದ ರೇಖೆಗಿಂತ ಕೆಳಗಿನ ಕುಟುಂಬದ ಕಾರ್ಡು ಇದ್ದುದರಿಂದ, ಸರ್ಕಾರಿ ಆಸ್ಪತ್ರೆಯ ಚೀಟಿ ಜೊತೆಗಿದ್ದುದರಿಂದ, 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಖರ್ಚಿನ ಬಹುಪಾಲು ನಡೆಯಿತು. ಆ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಂಡದ್ದು ತಾಯಿ. ಕತ್ತಿಗೆ ಹೆದರಿದವಳು ಕಾಗದಪತ್ರಕ್ಕೆ ಹೆದರಲಿಲ್ಲ.

ಮನೆಗೆ ಬಂದ ದಿನ ಅಜ್ಜ ಮೊಮ್ಮಗನ ಕಾಲನ್ನು ಬೆಳಕಿಗೆ ಹಿಡಿದು ನೋಡಿದರು. ಉದ್ದಕ್ಕೆ ಸೀಳಿದ ಗಾಯವನ್ನು ನಿರೀಕ್ಷಿಸಿದವರಿಗೆ ಕಂಡದ್ದು ಒಂದು ಸಣ್ಣ ಹೊಲಿಗೆ, ಮೇಲೆ ಕೆಲವು ಚುಕ್ಕೆ. “ತೆರೀಲೇ ಇಲ್ವನಾ?” ಎಂದರು. “ಮುರಿದ ಜಾಗ ತೆರೀಲಿಲ್ಲ ಅಜ್ಜ” ಎಂದ ಹುಡುಗ. ಅಜ್ಜ ತಮ್ಮ ಕಾಲನ್ನು ಮೊಮ್ಮಗನ ಕಾಲಿನ ಪಕ್ಕದಲ್ಲಿ ಚಾಚಿದರು. ಒಂದು ಪಾದ ಆಕಾಶ ನೋಡುತ್ತಿತ್ತು, ಇನ್ನೊಂದು ಬಾಗಿಲ ಕಡೆಗೆ. ಬಹಳ ಹೊತ್ತು ನೋಡಿ, “ಅಡ್ಡಿಲ್ಲ” ಎಂದು ಎದ್ದು ಹೋದರು.

ಕಷ್ಟದ ಕಾಲ ಶುರುವಾದದ್ದು ಆಮೇಲೆ. ಆರೇಳು ವಾರ ಪಾದ ನೆಲಕ್ಕೂರುವಂತಿಲ್ಲ. ಕಂಕುಳಿಗೆ ಊರುಗೋಲು. ಬೆರಳು, ಗಂಟು, ಮೊಣಕಾಲನ್ನು ಮಾತ್ರ ದಿನಕ್ಕೆ ಇಷ್ಟು ಸಲ ಎಂದು ಆಡಿಸುತ್ತಿರಬೇಕು. ಹುಡುಗನಿಗೆ ಓದಲು ಸಮಯವೇನೋ ಧಾರಾಳ ಸಿಕ್ಕಿತು, ಮನಸ್ಸು ಸಿಗಲಿಲ್ಲ. ಪ್ರಯೋಗಾಲಯದ ಪಾಠಗಳು ತಪ್ಪುತ್ತಿದ್ದವು. ಅಪ್ಪ ಗಂಟೆಗೊಮ್ಮೆ ಬಾಗಿಲಲ್ಲಿ ನಿಂತು, “ಎಷ್ಟು ಪಾಠ ಆಯ್ತಾ?” ಎಂದು ಕೇಳುತ್ತಿದ್ದ. ಕೇಳಿದಷ್ಟೂ ಹುಡುಗ ಪುಸ್ತಕ ಮುಚ್ಚುತ್ತಿದ್ದ. ಕಾಲೇಜಿನ ಉಪನ್ಯಾಸಕರೊಬ್ಬರು ನೋಡಲು ಬಂದವರು, ಆ ವರ್ಷದಿಂದ ಪರೀಕ್ಷೆಯನ್ನು ಮಾರ್ಚಿನಲ್ಲಿ ಬರೆಯಲಾಗದಿದ್ದರೆ ಅದೇ ವರ್ಷ ಇನ್ನೊಮ್ಮೆ ಬರೆಯಬಹುದೆಂದು ತಿಳಿಸಿ ಹೋದರು. ಆ ರಾತ್ರಿ ಹುಡುಗ ಮೊದಲ ಸಲ ತಾನಾಗಿಯೇ ದೀಪದ ಕೆಳಗೆ ಕುಳಿತ.

ಆರನೆಯ ವಾರದ ಎಕ್ಸ್‌ರೇಯಲ್ಲಿ ಬಿರುಕಿನ ಸುತ್ತ ತೆಳ್ಳನೆಯ ಮೋಡದಂಥದ್ದೊಂದು ಕಂಡಿತು. ಅದು ಹೊಸ ಎಲುಬು. ಸೇತುವೆಯಂತೆ ಹಾಕಿದ ಪ್ಲೇಟು ಬಿರುಕಿನಲ್ಲಿ ಕೂದಲೆಳೆಯಷ್ಟು ಅಲುಗಾಟಕ್ಕೆ ಎಡೆ ಕೊಡುತ್ತದೆ, ಆ ಅಲುಗಾಟವೇ ದೇಹಕ್ಕೆ ಹೊಸ ಎಲುಬು ಬೆಳೆಸಲು ಕರೆ ಎಂದು ವೈದ್ಯರು ವಿವರಿಸಿದರು. “ನೇರವಾಗಿ ಹಿಡಿದುಕೊಂಡಿರುವುದು ನಮ್ಮ ಪ್ಲೇಟಿನ ಕೆಲಸ. ಕೂಡುವುದು ಅದರಷ್ಟಕ್ಕೇ. ದಿನಾ ಬಂದು ಕೇಳಿದರೆ ಬೇಗ ಕೂಡುವುದಿಲ್ಲ” ಎಂದರು. ಕಾಲಿನ ಬಗ್ಗೆ ಹೇಳಿದ ಮಾತನ್ನು ಅಪ್ಪ ಇನ್ನೊಂದು ಅರ್ಥದಲ್ಲಿಯೂ ತೆಗೆದುಕೊಂಡಿರಬೇಕು. ಮನೆಗೆ ಬಂದ ಮೇಲೆ ಬಾಗಿಲಲ್ಲಿ ನಿಂತು ಕೇಳುವುದು ಕಡಿಮೆಯಾಯಿತು. ಬೆಳಗಿನ ಜಾವ ಎದ್ದು ಹುಡುಗನ ಮೇಜಿನ ಮೇಲೆ ಚಾ ಇಟ್ಟು ಗಜನಿಯ ಕಡೆ ಹೋಗಿಬಿಡುತ್ತಿದ್ದ.

ಜನವರಿಯಲ್ಲಿ ಅರ್ಧ ಭಾರ, ಫೆಬ್ರವರಿಯಲ್ಲಿ ಒಂದೇ ಕೋಲು. ಗಂಟು ಸಂಜೆಯ ಹೊತ್ತಿಗೆ ಬಾತುಕೊಳ್ಳುತ್ತಿತ್ತು. ಮೀನಖಂಡ ಸೊರಗಿ ಇನ್ನೊಂದು ಕಾಲಿನ ಅರ್ಧದಷ್ಟೇ ಕಾಣುತ್ತಿತ್ತು. ಆದರೆ ಪಾದ ನೇರ ಇತ್ತು.

2024ರ ಮಾರ್ಚಿನ ಮೊದಲ ವಾರ ಪರೀಕ್ಷೆ. ಕುಮಟಾದಲ್ಲಿ ಬಸ್ಸಿನಿಂದ ಇಳಿಯುವಾಗ ಅಪ್ಪ ಅಭ್ಯಾಸಬಲದಿಂದ ರಟ್ಟೆ ಹಿಡಿಯಲು ಕೈ ಚಾಚಿದ. ಹುಡುಗ ಕೋಲನ್ನು ಮೊದಲು ಊರಿ, ಆಮೇಲೆ ಕಾಲನ್ನು ಊರಿ, ತಾನೇ ಇಳಿದ. ಅಪ್ಪನ ಕೈ ಹಾಗೇ ಹಿಂದೆ ಬಂತು. ಕಾಲೇಜಿನ ಗೇಟಿನವರೆಗೂ ಹೋಗುವುದೆಂದು ಮನೆಯಿಂದ ಹೊರಟವನು ಬಸ್‌ಸ್ಟಾಪಿನ ನೆರಳಿನಲ್ಲೇ ನಿಂತುಕೊಂಡ. ಹುಡುಗ ರಸ್ತೆ ದಾಟಿದ್ದನ್ನು, ಎಡಗಾಲು ಒಂದಿಷ್ಟು ತಡವಾಗಿ ಆದರೆ ನೇರವಾಗಿ ಬೀಳುವುದನ್ನು ನೋಡುತ್ತ, ಅವನು ಜನರ ನಡುವೆ ಕಾಣದಾಗುವವರೆಗೆ ಅಲ್ಲೇ ಇದ್ದ.